ವಿದೇಶದಲ್ಲಿ ಸಿಲುಕಿದ ಸಿಬ್ಬಂದಿ: ಉದ್ಯೋಗದಾತರು ಪದೇ ಪದೇ ಕೇಳುವ ಪ್ರಶ್ನೆಗಳು

ಬೆಂಗಳೂರಿನಿಂದ ಯುರೋಪಿಗೋ ಅಮೆರಿಕಕ್ಕೋ ಹೊರಟವರಲ್ಲಿ ಬಹಳ ಮಂದಿ ದುಬೈ, ದೋಹಾ, ಅಬುಧಾಬಿಗಳಲ್ಲಿ ವಿಮಾನ ಬದಲಿಸುತ್ತಾರೆ. 2025ರ ಜೂನ್ 23ರ ರಾತ್ರಿ ಯುದ್ಧದ ಭೀತಿಯಿಂದ ಕತಾರ್ ತನ್ನ ವಾಯುಪ್ರದೇಶವನ್ನು ಮುಚ್ಚಿದ್ದು ಕೆಲವೇ ಗಂಟೆಗಳ ಕಾಲ. ಅಷ್ಟಕ್ಕೇ ಸಾವಿರಾರು ಪ್ರಯಾಣಿಕರು ದಾರಿಯಲ್ಲೇ ಉಳಿದರು. ಅದಕ್ಕೂ ಮುಂಚೆ, 2024ರ ಏಪ್ರಿಲ್ 16ರಂದು, ದುಬೈಯಲ್ಲಿ ಹಿಂದೆಂದೂ ದಾಖಲಾಗದಂಥ ಮಳೆ ಸುರಿದು ರನ್‌ವೇಗೆ ನೀರು ನುಗ್ಗಿತು. 2025ರ ಮಾರ್ಚ್ 21ರಂದು ಲಂಡನ್ನಿನ ಹೀಥ್ರೂ ನಿಲ್ದಾಣ ವಿದ್ಯುತ್ ಉಪಕೇಂದ್ರವೊಂದರ ಬೆಂಕಿಯಿಂದಾಗಿ ಬಾಗಿಲು ಹಾಕಿತು. ಯುದ್ಧ, ಮಳೆ, ಬೆಂಕಿ ಎಂದು ಕಾರಣ ಬೇರೆ ಬೇರೆಯಾದರೂ ಕಚೇರಿಯಲ್ಲಿ ಏಳುವ ಪ್ರಶ್ನೆಗಳು ಬದಲಾಗುವುದಿಲ್ಲ.

ನಾನು 2009ರಿಂದ ಬೆಂಗಳೂರಿನ ಉದ್ದಿಮೆಯೊಂದರ ಸಿಬ್ಬಂದಿ ವಿಭಾಗದಲ್ಲಿದ್ದೇನೆ. ಇಂಥ ದಿನಗಳಲ್ಲಿ ಬೇರೆ ಕಂಪನಿಗಳವರೂ, ಅದರಲ್ಲೂ ಪೀಣ್ಯ, ಬೊಮ್ಮಸಂದ್ರಗಳ ಸಣ್ಣ ಕಾರ್ಖಾನೆಗಳ ಮಾಲೀಕರೂ ಫೋನ್ ಮಾಡಿ ಕೇಳುವುದನ್ನು ಇಲ್ಲಿ ಬರೆದಿದ್ದೇನೆ. ನನ್ನ ಉತ್ತರಗಳೆಲ್ಲ ಒಂದೇ ನಂಬಿಕೆಯಿಂದ ಹೊರಟವು: ಕಂಪನಿಯ ಕೆಲಸಕ್ಕೆಂದು ಹೊರಟವರು ತಮ್ಮ ಮನೆಯ ಹೊಸ್ತಿಲು ದಾಟಿ ಒಳಗೆ ಬರುವ ತನಕ ಕಂಪನಿಯ ಕೆಲಸದಲ್ಲೇ ಇದ್ದಾರೆ.

ಸುದ್ದಿ ತಿಳಿದ ಕೂಡಲೇ ಮೊದಲು ಮಾಡಬೇಕಾದದ್ದೇನು?

ಯಾರು ಎಲ್ಲಿದ್ದಾರೆ ಎಂದು ಪಟ್ಟಿ ಮಾಡಿ. ಇದು ಸುಲಭ ಅನಿಸಬಹುದು, ಆದರೆ ಹೆಚ್ಚಿನ ಕಚೇರಿಗಳು ಇಲ್ಲೇ ಎಡವುತ್ತವೆ. ಟ್ರಾವೆಲ್ ಏಜೆಂಟ್ ಮೂಲಕ ಟಿಕೆಟ್ ಪಡೆದವರ ವಿವರ ಸಿಗುತ್ತದೆ. ಅಗ್ಗದ ಟಿಕೆಟ್ ಕಂಡು ತಾವೇ ಮೊಬೈಲಿನಲ್ಲಿ ಕಾಯ್ದಿರಿಸಿಕೊಂಡವರು, ಕೆಲಸ ಮುಗಿಸಿ ಎರಡು ದಿನ ರಜೆ ಹಾಕಿ ಪಕ್ಕದ ದೇಶ ನೋಡಲು ಹೋದವರು ಆ ಪಟ್ಟಿಯಲ್ಲಿ ಇರುವುದಿಲ್ಲ. ಅವರ ತಂಡದ ಮುಖ್ಯಸ್ಥರನ್ನೂ ಜೊತೆಯ ಗೆಳೆಯರನ್ನೂ ಕೇಳಿ ತಿಳಿದುಕೊಳ್ಳಬೇಕು.

ಆಮೇಲೆ ಒಬ್ಬೊಬ್ಬರಿಗೂ ಫೋನ್ ಮಾಡಿ. ಎಲ್ಲರಿಗೂ ಒಂದೇ ಇಮೇಲ್ ಕಳುಹಿಸಿ ಸುಮ್ಮನಾಗಬೇಡಿ. ಆ ಫೋನಿನಲ್ಲಿ ಕೇಳಬೇಕಾದದ್ದು ನಾಲ್ಕೇ: ಈಗ ಎಲ್ಲಿದ್ದೀರಿ, ಕೈಯಲ್ಲಿ ಹಣವಿದೆಯೇ, ಔಷಧಿ ಎಷ್ಟು ದಿನಕ್ಕಿದೆ, ವೀಸಾ ಯಾವತ್ತಿನ ತನಕ ಇದೆ. ಕೆಲಸದ ಮಾತು ಆಗ ಬೇಡ. ಮುಂದಿನ ಕರೆ ಎಷ್ಟು ಹೊತ್ತಿಗೆ ಎಂದು ಹೇಳಿ, ಹೊಸ ಸುದ್ದಿ ಇಲ್ಲದಿದ್ದರೂ ಆ ಹೊತ್ತಿಗೆ ತಪ್ಪದೆ ಕರೆ ಮಾಡಿ. ಅವರ ಭಾಷೆ ಕನ್ನಡವಾದರೆ ಕನ್ನಡದಲ್ಲೇ ಮಾತಾಡಿ. ನಡುರಾತ್ರಿ ಪರದೇಶದ ನಿಲ್ದಾಣದಲ್ಲಿ ಕೂತವರಿಗೆ ಅದು ಎಷ್ಟು ಧೈರ್ಯ ಕೊಡುತ್ತದೆ ಎಂಬುದನ್ನು ನಾನು ಅವರ ದನಿಯಲ್ಲೇ ಕೇಳಿದ್ದೇನೆ.

ಹೋಟೆಲ್, ಊಟದ ಖರ್ಚನ್ನು ಯಾರು ಕೊಡಬೇಕು?

ಕಚೇರಿ ಕೆಲಸಕ್ಕೆ ಹೋದವರದ್ದು ಪೂರ್ತಿ ಕಂಪನಿಯದು. ಅದರಲ್ಲಿ ಚರ್ಚೆಗೆ ಜಾಗವಿಲ್ಲ. ಅದಕ್ಕಿಂತ ಮುಖ್ಯವಾದದ್ದು, ಆ ಹಣ ಯಾವಾಗ ಕೊಡುತ್ತೀರಿ ಎನ್ನುವುದು. "ಈಗ ನೀವೇ ಕೊಟ್ಟಿರಿ, ಬಂದ ಮೇಲೆ ಬಿಲ್ ಹಾಕಿ" ಎನ್ನುವ ಪದ್ಧತಿ ದೊಡ್ಡ ಸಂಬಳದವರಿಗೆ ನಡೆಯುತ್ತದೆ, ಹೊಸಬರಿಗೆ ನಡೆಯುವುದಿಲ್ಲ.

2010ರ ಏಪ್ರಿಲ್‌ನಲ್ಲಿ ಐಸ್‌ಲ್ಯಾಂಡಿನ ಜ್ವಾಲಾಮುಖಿಯ ಬೂದಿ ಯುರೋಪಿನ ಆಕಾಶಕ್ಕೆ ಹರಡಿ ಸುಮಾರು ಆರು ದಿನ ವಿಮಾನಗಳು ಹಾರಲಿಲ್ಲ. ಆಗ ನಮ್ಮ ಇಬ್ಬರು ಎಂಜಿನಿಯರುಗಳು ಜರ್ಮನಿಯಲ್ಲಿದ್ದರು. ಹಿರಿಯರ ಬಳಿ ಕಂಪನಿಯ ಕಾರ್ಡ್ ಇತ್ತು, ಅವರಿಗೆ ಕೋಣೆ ಸಿಕ್ಕಿತು. ಇನ್ನೊಬ್ಬ ಹುಡುಗ ಬೇರೆ ಊರಿನಲ್ಲಿದ್ದ, ಕೆಲಸಕ್ಕೆ ಸೇರಿ ಆರು ತಿಂಗಳಾಗಿತ್ತಷ್ಟೆ. ಕೇಳುವುದಕ್ಕೆ ಸಂಕೋಚಪಟ್ಟು ಎರಡು ರಾತ್ರಿ ನಿಲ್ದಾಣದ ಬೆಂಚಿನ ಮೇಲೆ ಮಲಗಿ, ಮನೆಯಿಂದ ತಂದಿದ್ದ ಚಕ್ಕುಲಿ ತಿಂದುಕೊಂಡಿದ್ದ. ನಮಗೆ ತಿಳಿದದ್ದು ಅವನು ಹಿಂದಿರುಗಿದ ಮೇಲೆ. ಆ ಸಂಗತಿ ನನ್ನನ್ನು ಇಂದಿಗೂ ಕಾಡುತ್ತದೆ. ಅಂದಿನಿಂದ ನಾವು ಹೋಟೆಲನ್ನು ಇಲ್ಲಿಂದಲೇ ಕಾಯ್ದಿರಿಸಿ ಹಣವನ್ನೂ ಇಲ್ಲಿಂದಲೇ ಕಟ್ಟುತ್ತೇವೆ, ವಿದೇಶಿ ಹಣ ತುಂಬಿಸಿಕೊಂಡು ಬಳಸುವ ಫಾರೆಕ್ಸ್ ಕಾರ್ಡಿಗೆ ಅದೇ ದಿನ ಹಣ ತುಂಬುತ್ತೇವೆ. ದಿನಭತ್ಯೆ ಮೂಲ ಪ್ರವಾಸದ ಕೊನೆಯ ದಿನಕ್ಕೆ ನಿಲ್ಲುವುದಿಲ್ಲ.

ಇನ್ನೊಂದು ತೊಡಕು ಯಾರಿಗೂ ಮೊದಲು ಹೊಳೆಯುವುದಿಲ್ಲ. ಭಾರತದ ಬ್ಯಾಂಕಿನ ಓಟಿಪಿ ಭಾರತದ ಸಿಮ್‌ಗೆ ಬರುತ್ತದೆ. ರೋಮಿಂಗ್ ಅವಧಿ ಮುಗಿದರೆ ಖಾತೆಯಲ್ಲಿ ಹಣವಿದ್ದೂ ಕೈ ಖಾಲಿ. ಆದ್ದರಿಂದ ಮೊದಲ ದಿನವೇ ರೋಮಿಂಗ್ ಮುಂದುವರಿಸಿ.

ವಿಮಾನ ಕಂಪನಿಯೇ ಇದನ್ನೆಲ್ಲ ನೋಡಿಕೊಳ್ಳಬೇಕಲ್ಲವೇ?

ಅದು ಎಲ್ಲಿಂದ ಹೊರಟರು, ಯಾರ ವಿಮಾನ ಎಂಬುದನ್ನು ಅವಲಂಬಿಸಿದೆ. ಯುರೋಪಿಯನ್ ಒಕ್ಕೂಟದ 261/2004 ನಿಯಮ ಪ್ರಯಾಣಿಕರ ಪಾಲಿಗೆ ಗಟ್ಟಿಯಾದ ಆಸರೆ. ಫ್ರಾಂಕ್‌ಫರ್ಟ್‌ನಿಂದಲೋ ಪ್ಯಾರಿಸ್‌ನಿಂದಲೋ ಹೊರಡುವ ವಿಮಾನ ಯಾವ ದೇಶದ ಕಂಪನಿಯದಾದರೂ ಈ ನಿಯಮ ಅನ್ವಯಿಸುತ್ತದೆ. ಬೆಂಗಳೂರಿನಿಂದ ಅಲ್ಲಿಗೆ ಹೋಗುವಾಗ ಮಾತ್ರ ಯುರೋಪಿಯನ್ ಕಂಪನಿಯ ವಿಮಾನವಾಗಿರಬೇಕು. ವಿಮಾನ ರದ್ದಾದರೆ ಊಟ, ರಾತ್ರಿ ತಂಗಲು ಹೋಟೆಲ್, ಅಲ್ಲಿಗೆ ಹೋಗಿಬರುವ ವಾಹನ, ಎರಡು ಫೋನ್ ಕರೆ ಇಷ್ಟನ್ನೂ ಅವರು ಕೊಡಬೇಕು. "ಜ್ವಾಲಾಮುಖಿ ನಮ್ಮ ಕೈಯಲ್ಲಿಲ್ಲ" ಎಂದು ನುಣುಚಿಕೊಳ್ಳುವಂತಿಲ್ಲ. 2010ರ ಬೂದಿಯ ಪ್ರಕರಣದಲ್ಲೇ ಒಕ್ಕೂಟದ ನ್ಯಾಯಾಲಯ 2013ರಲ್ಲಿ ಹಾಗೆ ತೀರ್ಪು ಕೊಟ್ಟಿದೆ. 250ರಿಂದ 600 ಯೂರೋ ತನಕದ ಪರಿಹಾರಧನ ಮಾತ್ರ ಇಂಥ ಅಸಾಧಾರಣ ಸಂದರ್ಭಗಳಲ್ಲಿ ಸಿಗುವುದಿಲ್ಲ. ಬ್ರಿಟನ್ ಒಕ್ಕೂಟದಿಂದ ಹೊರಬಂದ ಮೇಲೂ ಇದೇ ಬಗೆಯ ನಿಯಮವನ್ನು ಉಳಿಸಿಕೊಂಡಿದೆ.

ಒಂದು ಎಚ್ಚರಿಕೆಯನ್ನು ನಿಮ್ಮ ಸಿಬ್ಬಂದಿಗೆ ಮೊದಲೇ ಹೇಳಿಡಿ. ವಿಮಾನ ರದ್ದಾದ ಕೂಡಲೇ ಮೊಬೈಲಿಗೆ "ಹಣ ಹಿಂದಕ್ಕೆ ಬೇಕೇ, ಬದಲಿ ವಿಮಾನ ಬೇಕೇ" ಎಂಬ ಸಂದೇಶ ಬರುತ್ತದೆ. ಗಾಬರಿಯಲ್ಲಿ ಹಣ ವಾಪಸು ಎಂದು ಒತ್ತಿದರೆ ಟಿಕೆಟಿನ ಕರಾರು ಅಲ್ಲಿಗೇ ಮುಗಿಯುತ್ತದೆ. ಹೋಟೆಲು, ಊಟದ ಹಕ್ಕೂ ಅದರೊಂದಿಗೇ ಹೋಗುತ್ತದೆ. ಹೊಸ ಟಿಕೆಟಿಗೆ ಮೂರು ಪಟ್ಟು ದರ ತೆರಬೇಕಾಗಬಹುದು. ಕಚೇರಿಯೊಂದಿಗೆ ಮಾತಾಡುವ ತನಕ ಆ ಗುಂಡಿ ಮುಟ್ಟಬೇಡಿ ಎಂದು ಹೇಳಿ.

ಕೊಲ್ಲಿ ದೇಶಗಳಿಂದ ಯುರೋಪಿನದಲ್ಲದ ವಿಮಾನದಲ್ಲಿ ಹೊರಟವರಿಗೆ ಈ ಆಸರೆ ಇಲ್ಲ. ಭಾರತದಿಂದ ಹೊರಡುವ ವಿಮಾನ ರದ್ದಾದರೆ ನಮ್ಮ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ನಿಯಮದ ಪ್ರಕಾರ ಬದಲಿ ವಿಮಾನ ಅಥವಾ ಹಣ ಕೇಳಬಹುದು. ಏನೇ ಆಗಲಿ, ವಿಮಾನ ಕಂಪನಿ ಕೊಡುತ್ತದೆಯೇ ಇಲ್ಲವೇ ಎಂದು ಕಾಯುತ್ತಾ ಸಿಬ್ಬಂದಿಯನ್ನು ನೆಲದ ಮೇಲೆ ಮಲಗಿಸಬೇಡಿ. ಮೊದಲು ನೀವು ಕೊಡಿ, ವಸೂಲಿ ಆಮೇಲೆ ಮಾಡಿಕೊಳ್ಳಿ.

ಅವರು ಸಿಲುಕಿದ ದಿನಗಳಿಗೆ ಸಂಬಳ ಕೊಡಬೇಕೇ?

ಕಂಪನಿ ಕಳುಹಿಸಿದವರಿಗೆ ಪೂರ್ತಿ ಸಂಬಳ. ಅವರು ಲ್ಯಾಪ್‌ಟಾಪ್ ತೆರೆದರೋ ಇಲ್ಲವೋ ಎಂದು ಲೆಕ್ಕ ಹಾಕುವುದು ಸಣ್ಣತನ. ಆ ದಿನಗಳನ್ನು ಅವರ ಗಳಿಕೆ ರಜೆಯಿಂದ ಕಳೆಯುವುದಂತೂ ಅನ್ಯಾಯ.

ಸ್ವಂತ ರಜೆಯಲ್ಲಿ ಮಗಳ ಮನೆಗೋ ಮಧುಚಂದ್ರಕ್ಕೋ ಹೋಗಿ ಸಿಲುಕಿದವರ ಮಾತು ಬೇರೆ. ಅವರಿಗೆ ಸಂಬಳ ಕೊಡಲೇಬೇಕೆಂಬ ಪ್ರತ್ಯೇಕ ಕಾನೂನು ನಮ್ಮಲ್ಲಿಲ್ಲ. ನಾವು ಪಾಲಿಸುವ ಕ್ರಮ ಹೀಗಿದೆ: ಮೊದಲ ಮೂರು ಕೆಲಸದ ದಿನ ಕಂಪನಿಯ ಲೆಕ್ಕದಲ್ಲಿ ವಿಶೇಷ ರಜೆ. ನಂತರ ಅಲ್ಲಿಂದ ಕೆಲಸ ಮಾಡಲು ಸಾಧ್ಯವಾದರೆ ಮಾಡಲಿ, ಇಲ್ಲದಿದ್ದರೆ ಗಳಿಕೆ ರಜೆ. ಅದೂ ಮುಗಿದರೆ ಮುಂದಿನ ವರ್ಷದ ರಜೆಯಿಂದ ಮುಂಗಡ. ಸಂಬಳವಿಲ್ಲದ ರಜೆ ಕಟ್ಟಕಡೆಯ ಮೆಟ್ಟಿಲು. ಕರ್ನಾಟಕ ಅಂಗಡಿಗಳು ಮತ್ತು ವಾಣಿಜ್ಯ ಸಂಸ್ಥೆಗಳ ಅಧಿನಿಯಮದಡಿ 20 ದಿನ ದುಡಿದರೆ ಒಂದು ದಿನ ರಜೆ ಕೂಡುತ್ತದೆ. ವರ್ಷವಿಡೀ ಕೂಡಿಟ್ಟ ಆ ರಜೆಯನ್ನು ಬೇರೆ ದೇಶದವರ ಯುದ್ಧ ನುಂಗಿಹಾಕುವುದೆಂದರೆ ಯಾರಿಗಾದರೂ ಸಂಕಟವೇ.

ಒಬ್ಬರು ಬಾರದೆ ಹತ್ತು ದಿನವಾಯಿತು, ಫೋನಿಗೂ ಸಿಗುತ್ತಿಲ್ಲ. ಕೆಲಸ ಬಿಟ್ಟರೆಂದು ಹೆಸರು ತೆಗೆಯಬಹುದೇ?

ಬೇಡ. ವಿಚಾರಣೆ ನಡೆಸದೆ, ಗೈರುಹಾಜರಾದರೆಂಬ ಒಂದೇ ಕಾರಣಕ್ಕೆ ಹೆಸರು ಕಿತ್ತುಹಾಕುವುದು ಸಹಜ ನ್ಯಾಯಕ್ಕೆ ವಿರುದ್ಧವೆಂದು ಸುಪ್ರೀಂ ಕೋರ್ಟ್ 1993ರಲ್ಲೇ ಹೇಳಿದೆ. ಫೋನಿಗೆ ಸಿಗದವರನ್ನು ಮೊದಲು ಹುಡುಕಬೇಕು. ಅವರ ಮನೆಗೆ ಒಬ್ಬರನ್ನು ಕಳುಹಿಸಿ.

ವೀಸಾ ಅವಧಿ ಮುಗಿಯುತ್ತಿದೆ. ವಿಮಾನವಿಲ್ಲ ಎಂಬುದು ಸಾಕಾದ ಕಾರಣವಲ್ಲವೇ?

ಕಾರಣವೇನೋ ಹೌದು, ಆದರೆ ಅದನ್ನು ಅವಧಿ ಮುಗಿಯುವ ಮೊದಲೇ ಅರ್ಜಿ ರೂಪದಲ್ಲಿ ಹೇಳಬೇಕು. ತಾನಾಗಿ ಯಾವ ದೇಶವೂ ಮನ್ನಿಸುತ್ತದೆ ಎಂದು ಕೂರಬಾರದು.

ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ಶೆಂಗೆನ್ ದೇಶಗಳಲ್ಲಿ ಅಲ್ಪಾವಧಿ ವೀಸಾದವರು 180 ದಿನಗಳಲ್ಲಿ 90 ದಿನ ಮಾತ್ರ ಇರಬಹುದು. ಅಲ್ಲಿನ ವೀಸಾ ಸಂಹಿತೆಯ 33ನೇ ವಿಧಿಯಲ್ಲಿ ಮಾನವ ಶಕ್ತಿಗೆ ಮೀರಿದ ಕಾರಣವಿದ್ದರೆ ಶುಲ್ಕವಿಲ್ಲದೆ ಅವಧಿ ವಿಸ್ತರಿಸಲು ಅವಕಾಶವಿದೆ. ವಿಮಾನ ರದ್ದಾದ ಸಂದೇಶ, ಹೊಸ ಟಿಕೆಟ್, ವಿಮೆಯ ವಿಸ್ತರಣೆ, ಕಂಪನಿಯ ಪತ್ರ ಹಿಡಿದು ಸ್ಥಳೀಯ ವಲಸೆ ಕಚೇರಿಗೆ ಹೋಗಬೇಕು. ಆ ಪತ್ರವನ್ನು ಬರೆದುಕೊಡುವುದು ನಿಮ್ಮ ಕೆಲಸ. ಈ ವ್ಯಕ್ತಿ ನಮ್ಮ ಸಿಬ್ಬಂದಿ, ಇವರ ಖರ್ಚೆಲ್ಲ ನಮ್ಮದು, ವಿಮಾನ ಸಿಕ್ಕ ಕೂಡಲೇ ಹಿಂದಿರುಗುತ್ತಾರೆ ಎಂಬ ಮೂರು ಸಾಲು ಇದ್ದರೆ ಸಾಕು.

ಅಮೆರಿಕದಲ್ಲಿರುವವರು ಪಾಸ್‌ಪೋರ್ಟಿನ ವೀಸಾ ಚೀಟಿಯ ಮೇಲಿನ ದಿನಾಂಕ ನೋಡಿ ನಿಶ್ಚಿಂತರಾಗುತ್ತಾರೆ. ಅದು ಹತ್ತು ವರ್ಷದ್ದಾಗಿರಬಹುದು. ಎಷ್ಟು ದಿನ ಇರಬಹುದೆಂದು ತಿಳಿಸುವುದು ಐ-94 ದಾಖಲೆ. ಅದು ಮುಗಿಯುವ ಮುನ್ನ ಬಿ-1 ಎಂಬ ವ್ಯವಹಾರ ಭೇಟಿಯ ವೀಸಾದವರು ಅವಧಿ ವಿಸ್ತರಣೆಗೆ ಐ-539 ಅರ್ಜಿ ಸಲ್ಲಿಸಬೇಕು. ಯು.ಎ.ಇ.ಯಲ್ಲಿ ಅವಧಿ ಮೀರಿದರೆ ದಿನಕ್ಕೆ 50 ದಿರ್ಹಂ ದಂಡ. ಇಂಥ ದಂಡ ಬಂದರೆ ಅದನ್ನು ಸಿಬ್ಬಂದಿಯ ಸಂಬಳದಿಂದ ಹಿಡಿಯಬಾರದು.

ವಿಮಾನ ಬದಲಿಸಲೆಂದು ಇಳಿದವರ ಬಳಿ ಆ ದೇಶದ ವೀಸಾ ಇಲ್ಲದಿದ್ದರೆ ಅನೇಕ ಕಡೆ ನಿಲ್ದಾಣದ ಹೊರಗೆ ಹೋಗಲು ಬಿಡುವುದಿಲ್ಲ. ನೀವು ಊರಿನಲ್ಲಿ ಕಾಯ್ದಿರಿಸಿದ ಕೋಣೆ ಅವರಿಗೆ ಪ್ರಯೋಜನವಾಗದು. ನಿಲ್ದಾಣದೊಳಗೇ ಇರುವ ಹೋಟೆಲ್ ಅಥವಾ ವಿಶ್ರಾಂತಿ ಕೋಣೆ ಹುಡುಕಬೇಕು. ಅವು ಮೊದಲ ಗಂಟೆಯಲ್ಲೇ ತುಂಬಿಹೋಗುತ್ತವೆ.

ಅಲ್ಲಿಂದಲೇ ಕೆಲಸ ಮಾಡಿಸಬಹುದೇ?

ನಾಲ್ಕಾರು ದಿನ ಇಮೇಲ್ ನೋಡುವುದಕ್ಕೆ, ಬೆಂಗಳೂರಿನ ತಂಡದೊಂದಿಗೆ ಮಾತಾಡುವುದಕ್ಕೆ ಸಾಮಾನ್ಯವಾಗಿ ತೊಂದರೆಯಾಗದು. ಆದರೂ ಪ್ರವಾಸಿ ವೀಸಾದಲ್ಲಿ ಕೆಲಸದ ಬಗ್ಗೆ ದೇಶದಿಂದ ದೇಶಕ್ಕೆ ನಿಯಮ ಬೇರೆ. ವಾರಗಳು ತಿಂಗಳುಗಳಾದರೆ ಆ ದೇಶದ ತೆರಿಗೆ, ಸಾಮಾಜಿಕ ಭದ್ರತೆಯ ಪ್ರಶ್ನೆಗಳು ಬರುತ್ತವೆ. ಜರ್ಮನಿ, ಫ್ರಾನ್ಸ್, ಜಪಾನ್ ಮುಂತಾದ ದೇಶಗಳೊಂದಿಗೆ ಭಾರತಕ್ಕೆ ಸಾಮಾಜಿಕ ಭದ್ರತೆಯ ಒಪ್ಪಂದವಿರುವುದರಿಂದ, ಇಲ್ಲೇ ವಂತಿಗೆ ಕಟ್ಟುತ್ತಿದ್ದಾರೆ ಎಂಬ ಭವಿಷ್ಯ ನಿಧಿ ಸಂಸ್ಥೆಯ ಪ್ರಮಾಣಪತ್ರ ಪಡೆದವರು ಅಲ್ಲಿ ಮತ್ತೆ ವಂತಿಗೆ ಕಟ್ಟಬೇಕಿಲ್ಲ. ಆ ಪತ್ರದ ಅವಧಿಯನ್ನೂ ವಿಸ್ತರಿಸಿಕೊಳ್ಳಿ. ಹೋಟೆಲಿನ ಸಾರ್ವಜನಿಕ ಕಂಪ್ಯೂಟರಿನಲ್ಲಿ ಕಚೇರಿಯ ಖಾತೆ ತೆರೆಯಬಾರದು ಎಂದು ನೆನಪಿಸಿ.

ವಿಮೆ ಇದೆಯಲ್ಲ, ಸಾಲದೇ?

ಪಾಲಿಸಿ ಓದಿ. ಹೆಚ್ಚಿನವು ಯುದ್ಧದಿಂದಾದ ನಷ್ಟವನ್ನು ಹೊರಗಿಡುತ್ತವೆ. ತೊಂದರೆ ಸುದ್ದಿಯಾದ ನಂತರ ಕೊಂಡ ಪಾಲಿಸಿ ಆ ತೊಂದರೆಗೆ ಸಲ್ಲುವುದಿಲ್ಲ. ಹೋಟೆಲ್ ಖರ್ಚಿಗಿಂತ ಆಸ್ಪತ್ರೆ ಖರ್ಚಿನ ರಕ್ಷಣೆ ಮುಖ್ಯ, ಹಾಗಾಗಿ ಅವಧಿ ಮುಗಿಯುವ ಮೊದಲೇ ವಿಸ್ತರಿಸಿ. ನಿತ್ಯ ಬಿ.ಪಿ., ಸಕ್ಕರೆ ಕಾಯಿಲೆಯ ಮಾತ್ರೆ ತೆಗೆದುಕೊಳ್ಳುವವರು ಪ್ರವಾಸದ ದಿನಗಳಿಗಿಂತ ಹತ್ತು ದಿನಕ್ಕೆ ಹೆಚ್ಚು ಮಾತ್ರೆಯನ್ನು ವೈದ್ಯರ ಚೀಟಿಯೊಂದಿಗೆ ಒಯ್ಯಲಿ. ಕೊಡೀನ್, ಟ್ರಮಡಾಲ್ ಇರುವ ನೋವಿನ ಔಷಧಿಗಳ ಮೇಲೆ ಯು.ಎ.ಇ.ಯಲ್ಲಿ ಕಟ್ಟುನಿಟ್ಟಾದ ನಿಯಂತ್ರಣವಿದೆ. ಊರಿನಿಂದ ಕೊರಿಯರ್ ಮಾಡುವ ಮುನ್ನ ಯೋಚಿಸಿ.

"ರಸ್ತೆಯಲ್ಲಿ ಗಡಿ ದಾಟಿ ಪಕ್ಕದ ದೇಶದಿಂದ ಬರುತ್ತೇನೆ" ಎನ್ನುತ್ತಾರೆ. ಒಪ್ಪಬಹುದೇ?

2010ರಲ್ಲಿ ಯುರೋಪಿನೊಳಗೆ ರೈಲು ಹಿಡಿದು ದಕ್ಷಿಣಕ್ಕೆ ಹೋಗಿ ಅಲ್ಲಿಂದ ಹಾರಿದವರಿದ್ದಾರೆ. ಅದು ಸರಿ. ಸಂಘರ್ಷದ ಸ್ಥಳದಲ್ಲಿ ಹಾಗಲ್ಲ. 2025ರ ಜೂನ್‌ನಲ್ಲಿ ಇರಾನಿನಲ್ಲಿದ್ದ ಭಾರತೀಯ ವಿದ್ಯಾರ್ಥಿಗಳನ್ನು ರಾಯಭಾರ ಕಚೇರಿಯೇ ನೆಲಮಾರ್ಗವಾಗಿ ಅರ್ಮೇನಿಯಕ್ಕೆ ಸಾಗಿಸಿ, ಯೆರೆವಾನ್‌ನಿಂದ ದೆಹಲಿಗೆ ಕರೆತಂದಿತು. ಆಪರೇಷನ್ ಸಿಂಧು ಎಂಬ ಸರ್ಕಾರದ ತೆರವು ಕಾರ್ಯಾಚರಣೆಯ ಮೊದಲ ವಿಮಾನ ಅದು. ಗಡಿಯ ಆಚೆ ಯಾರು ಬರಮಾಡಿಕೊಳ್ಳುತ್ತಾರೆ, ಪ್ರವೇಶಪತ್ರ ಇದೆಯೇ, ದಾರಿ ಸುರಕ್ಷಿತವೇ ಎಂಬುದು ಅವರಿಗೆ ತಿಳಿದಿರುತ್ತದೆ, ನಮಗೆ ತಿಳಿದಿರುವುದಿಲ್ಲ. ರಾಯಭಾರ ಕಚೇರಿ "ಇದ್ದಲ್ಲೇ ಇರಿ" ಎಂದರೆ ಇರಬೇಕು. ಗ್ರಾಹಕರ ಗಡುವಿಗಾಗಿ ಯಾವ ವ್ಯವಸ್ಥಾಪಕರೂ ಸಿಬ್ಬಂದಿಯನ್ನು ಅಂಥ ದಾರಿಗೆ ಇಳಿಸಕೂಡದು. ಇದನ್ನು ನಾನು ಸಭೆಗಳಲ್ಲಿ ಗಟ್ಟಿ ದನಿಯಲ್ಲೇ ಹೇಳುತ್ತೇನೆ.

ಸರ್ಕಾರದಿಂದ ಏನು ನೆರವು ಸಿಗುತ್ತದೆ?

ಸಿಲುಕಿದವರು ಅಲ್ಲಿನ ರಾಯಭಾರ ಕಚೇರಿಯಲ್ಲಿ ಹೆಸರು ನೋಂದಾಯಿಸಲಿ. ತೆರವು ವಿಮಾನಗಳ ಪಟ್ಟಿ ತಯಾರಾಗುವುದು ಆ ನೋಂದಣಿಯಿಂದ. ವಿದೇಶಾಂಗ ಸಚಿವಾಲಯದ ಮದದ್ ಜಾಲತಾಣದಲ್ಲಿ ದೂರು ದಾಖಲಿಸಬಹುದು. ತೀರಾ ಕಷ್ಟದಲ್ಲಿರುವವರ ಊಟ ವಸತಿಗೆ ರಾಯಭಾರ ಕಚೇರಿಗಳಲ್ಲಿ ಭಾರತೀಯ ಸಮುದಾಯ ಕಲ್ಯಾಣ ನಿಧಿ ಇದೆ. ಕರ್ನಾಟಕದವರಿಗೆ ರಾಜ್ಯದ ಅನಿವಾಸಿ ಭಾರತೀಯ ಸಮಿತಿಯೂ ಇದೆ. ಊರೂರಿನ ಕನ್ನಡ ಸಂಘಗಳು ಅನ್ನ ಸಾರು ಮಾಡಿ ತಂದುಕೊಟ್ಟ ಉದಾಹರಣೆಗಳನ್ನು ನಮ್ಮ ಸಿಬ್ಬಂದಿಯೇ ಹೇಳಿದ್ದಾರೆ.

ಆದರೆ ಸರ್ಕಾರದ ವಿಮಾನ ಎಂದರೆ ಎಲ್ಲವೂ ಉಚಿತವಲ್ಲ. ಕೋವಿಡ್ ಕಾಲದಲ್ಲಿ ವಿದೇಶದಲ್ಲಿ ಸಿಲುಕಿದವರನ್ನು ಕರೆತರಲು 2020ರ ಮೇ 7ರಂದು ವಂದೇ ಭಾರತ್ ವಿಮಾನಗಳು ಶುರುವಾದಾಗ ಟಿಕೆಟಿನ ಹಣ ಪ್ರಯಾಣಿಕರದ್ದೇ ಆಗಿತ್ತು, ಬಂದಿಳಿದ ಮೇಲೆ 14 ದಿನದ ಪ್ರತ್ಯೇಕವಾಸದ ಹೋಟೆಲ್ ಖರ್ಚೂ ಅವರದ್ದೇ. ಅದನ್ನೂ ಭರಿಸಿದ ಕಂಪನಿಗಳ ಸಿಬ್ಬಂದಿ ಇಂದಿಗೂ ನೆನೆಯುತ್ತಾರೆ.

2023ರ ಏಪ್ರಿಲ್‌ನಲ್ಲಿ ಸುಡಾನಿನ ಕಾಳಗದ ನಡುವೆ ಸಿಲುಕಿದ್ದ ನಮ್ಮ ಹಕ್ಕಿಪಿಕ್ಕಿ ಜನರನ್ನು ನೆನೆಯಿರಿ. ಗಿಡಮೂಲಿಕೆ ಎಣ್ಣೆ ಮಾರಲು ಹೋದವರು, ಬೆನ್ನ ಹಿಂದೆ ಫೋನ್ ಮಾಡುವ ಕಂಪನಿಯೊಂದೂ ಇರಲಿಲ್ಲ. ಸರ್ಕಾರದ ತೆರವು ಕಾರ್ಯಾಚರಣೆ ಆಪರೇಷನ್ ಕಾವೇರಿ ಅವರನ್ನು ಕರೆತಂದಿತು. ಉದ್ಯೋಗದಾತರಿರುವ ಮನುಷ್ಯ ಆ ಸ್ಥಿತಿಗೆ ಬರಬಾರದು.

ಇಂಟರ್ನೆಟ್ಟೇ ಇಲ್ಲದಿದ್ದರೆ?

2024ರ ಜುಲೈನಲ್ಲಿ ಬಾಂಗ್ಲಾದೇಶದಲ್ಲಿ ದಿನಗಟ್ಟಲೆ ಇಂಟರ್ನೆಟ್ ಸ್ಥಗಿತವಾಗಿ ಕರ್ಫ್ಯೂ ಬಂದಾಗ ವಾಟ್ಸಾಪ್ ಗುಂಪನ್ನೇ ನಂಬಿದ್ದವರು ಕಂಗಾಲಾದರು. ಹೊರಡುವ ಮುನ್ನ ಹೋಟೆಲಿನ ಸ್ಥಿರ ದೂರವಾಣಿ, ಗ್ರಾಹಕ ಕಾರ್ಖಾನೆಯ ದೂರವಾಣಿ, ರಾಯಭಾರ ಕಚೇರಿಯ ಸಂಖ್ಯೆ ಮೂರನ್ನೂ ಕಾಗದದ ಮೇಲೆ ಬರೆದು ಒಂದು ಪ್ರತಿ ಅವರ ಪಾಸ್‌ಪೋರ್ಟಿನೊಳಗೆ, ಒಂದು ನಿಮ್ಮ ಮೇಜಿನಲ್ಲಿ ಇಡಿ.

ಮನೆಯವರಿಗೆ ನಾವು ಹೇಳಬೇಕೇ?

ಹೌದು, ಟಿ.ವಿ. ಹೇಳುವ ಮೊದಲು. ಮಂಡ್ಯದಲ್ಲೋ ಕಲಬುರಗಿಯಲ್ಲೋ ಇರುವ ತಾಯಿಗೆ ದೋಹಾಕ್ಕೂ ಟೆಹರಾನಿಗೂ ಎಷ್ಟು ದೂರ ಎಂಬುದು ತಿಳಿಯದೆ ಹೋಗಬಹುದು. "ನಿಮ್ಮ ಮಗ ಇಂಥ ಹೋಟೆಲಿನಲ್ಲಿದ್ದಾನೆ, ಊಟ ಮಾಡಿದ್ದಾನೆ ಅಮ್ಮ, ರಾತ್ರಿ ಎಂಟಕ್ಕೆ ನಾನೇ ಮತ್ತೆ ಫೋನ್ ಮಾಡುತ್ತೇನೆ" ಎಂದು ಒಬ್ಬರೇ ಪ್ರತಿದಿನ ಹೇಳಲಿ. ಇತ್ತ ಮನೆಯಲ್ಲಿ ಮಗುವನ್ನು ಶಾಲೆಯಿಂದ ಕರೆತರುವವರಿಲ್ಲದಿರಬಹುದು, ವಯಸ್ಸಾದ ಅಪ್ಪನನ್ನು ಡಯಾಲಿಸಿಸ್‌ಗೆ ಕರೆದೊಯ್ಯುವವರಿಲ್ಲದಿರಬಹುದು. ಅದನ್ನೂ ಕೇಳಿ. ಕಂಪನಿಯ ಒಂದು ಕಾರು ಒಂದು ವಾರ ಆ ಮನೆಗೆ ಓಡಿದರೆ ಅಲ್ಲಿ ಸಿಲುಕಿದವರ ಅರ್ಧ ಚಿಂತೆ ಇಳಿಯುತ್ತದೆ.

ಎರಡೇ ಸೀಟು ಸಿಕ್ಕಿವೆ, ಐದು ಜನರಿದ್ದಾರೆ. ಯಾರನ್ನು ಮೊದಲು ಕರೆತರಬೇಕು?

ಕಾಯಿಲೆಯವರು, ಗರ್ಭಿಣಿಯರು, ಮನೆಯಲ್ಲಿ ಪುಟ್ಟ ಮಗುವೋ ರೋಗಿಯೋ ಇರುವವರು, ವೀಸಾ ಮುಗಿಯುತ್ತಿರುವವರು. ಹುದ್ದೆ ಈ ಪಟ್ಟಿಯಲ್ಲಿ ಇಲ್ಲ.

ಗುತ್ತಿಗೆದಾರರ ಮೂಲಕ ಬಂದ ತಂತ್ರಜ್ಞರ ಹೊಣೆ ಯಾರದು?

ಕಾಗದದ ಪ್ರಕಾರ ಗುತ್ತಿಗೆದಾರರದು ಎಂದಿರಬಹುದು. ಆದರೆ ಯಂತ್ರ ಅಳವಡಿಸಲು ಅವರನ್ನು ಕಳುಹಿಸಿದ್ದು ನೀವು, ಯಂತ್ರದ ಮೇಲಿರುವ ಹೆಸರೂ ನಿಮ್ಮದು. ಅದೇ ಹೋಟೆಲು, ಅದೇ ದಿನಭತ್ಯೆ ಕೊಡಿ. ಲೆಕ್ಕವನ್ನು ಗುತ್ತಿಗೆದಾರರೊಂದಿಗೆ ಆಮೇಲೆ ಬಗೆಹರಿಸಿಕೊಳ್ಳಿ.

ನಮ್ಮದು ಮೂವತ್ತು ಜನರ ಕಾರ್ಖಾನೆ. ಇಷ್ಟೆಲ್ಲ ವ್ಯವಸ್ಥೆ ಸಾಧ್ಯವೇ?

ಒಂದು ಪುಟ ಸಾಕು. ವಿದೇಶಕ್ಕೆ ಹೋದವರು ಸಿಲುಕಿದರೆ ಸಂಬಳ, ವಸತಿ, ಊಟ, ವೀಸಾ ಖರ್ಚು ಕಂಪನಿಯದು ಎಂದೂ, ರಾತ್ರಿ ಫೋನ್ ಎತ್ತುವವರು ಯಾರು ಎಂದೂ, ಯಾರನ್ನೂ ಕೇಳದೆ ಅವರು ಎಷ್ಟು ಹಣ ಮಂಜೂರು ಮಾಡಬಹುದು ಎಂದೂ ಅದರಲ್ಲಿ ಬರೆದು ಸಹಿ ಮಾಡಿ. ಈ ಮೂರನೆಯದನ್ನು ಬಿಡಬೇಡಿ. ಮಾಲೀಕರು ಮದುವೆಮನೆಯಲ್ಲಿದ್ದು ಫೋನ್ ಎತ್ತದ ರಾತ್ರಿಯೇ ಹೋಟೆಲ್ ಕೋಣೆಗಳು ಮುಗಿದುಹೋಗುತ್ತವೆ. ದೊಡ್ಡ ಕಂಪನಿಗಳಲ್ಲಿ ಆರು ಜನರ ಒಪ್ಪಿಗೆ ಬೇಕಾಗುವ ತೀರ್ಮಾನವನ್ನು ನೀವು ಐದು ನಿಮಿಷದಲ್ಲಿ ಮಾಡಬಲ್ಲಿರಿ.

ಹಿಂದಿರುಗಿದ ಮೇಲೆ?

ಎರಡು ದಿನ ಮನೆಯಲ್ಲಿರಲು ಬಿಡಿ. ಕಾಳಗದ ಸದ್ದು ಕೇಳಿ ಬಂದವರಿಗೆ ಆಪ್ತಸಮಾಲೋಚಕರ ವ್ಯವಸ್ಥೆ ಮಾಡಿ. ಮತ್ತೆ ಅದೇ ದಾರಿಯಲ್ಲಿ ಹೋಗುವುದಿಲ್ಲ ಎಂದರೆ ಒತ್ತಾಯಿಸಬೇಡಿ. ಇನ್ನು ರಸೀದಿಗಳ ಮಾತು. ಅರಬಿಯಲ್ಲೋ ಜರ್ಮನ್‌ನಲ್ಲೋ ಇರುವ ಚೀಟಿ ಲೆಕ್ಕ ವಿಭಾಗದಲ್ಲಿ ತಿಂಗಳುಗಟ್ಟಲೆ ಕೂರುವುದನ್ನು ನಾನು ಕಂಡಿದ್ದೇನೆ. ನೂಕುನುಗ್ಗಲಿನಲ್ಲಿ ಕೊಂಡ ನೀರಿನ ಬಾಟಲಿಗೆ ಚೀಟಿಯೇ ಇರುವುದಿಲ್ಲ. ಅಂಥವಕ್ಕೆ ಸಿಬ್ಬಂದಿಯ ಸ್ವಂತ ಬರಹವನ್ನೇ ಪುರಾವೆಯಾಗಿ ಒಪ್ಪಿ, ಏಳು ದಿನದೊಳಗೆ ಹಣ ಖಾತೆಗೆ ಹಾಕಿ.